ಗುಡ್ಡದ ಮೇಲೆ ಹೆಣ್ಣು ನೋಡುವ ಶಾಸ್ತ್ರ

ಗುಡ್ಡ ಹತ್ತಬೇಕಾದರೆ ಏನಾದರೂ ಕಳೆದಿರಬೇಕು ಎಂದು ತಿಳಿದು ಬೆಳೆದವಳು ನಾನು. ನಮ್ಮ ಊರು ವಿಜಯಪುರದ ಕಡೆ. ಅಲ್ಲಿ ಆಡು ತಪ್ಪಿಸಿಕೊಂಡರೆ ಗುಡ್ಡ ಹತ್ತುತ್ತಿದ್ದೆವು, ಸಿಕ್ಕರೆ ಅದರ ಕಿವಿ ಹಿಡಿದು ಇಳಿಯುತ್ತಿದ್ದೆವು. ಆಡೂ ಕಳೆದಿಲ್ಲ, ಕಟ್ಟಿಗೆಯೂ ಬೇಡ, ಮೇಲೆ ಗುಡಿಯೂ ಇಲ್ಲ, ಸುಮ್ಮನೆ ಹತ್ತಿ ಸುಮ್ಮನೆ ಇಳಿಯುವ ಜನರನ್ನು ನಾನು ಕಂಡದ್ದು ಮುಂಬೈಯಲ್ಲೇ. ಅದಕ್ಕೆ ಗೇಟಿನಲ್ಲಿ ಟಿಕೆಟ್ ಬೇರೆ. ರವಿವಾರ ಬೆಳಿಗ್ಗೆ ಬೋರಿವಲಿ ಕಡೆಯ ಪಾರ್ಕಿಗೆ ಹೋಗಿ ನೋಡಿ. ವಾರವೆಲ್ಲ ಲೋಕಲ್‌ನಲ್ಲಿ ಕೂರುವ ಜಾಗಕ್ಕಾಗಿ ಜಗಳಾಡಿದವರು ಆ ದಿನ ಬೆಂಚು ಖಾಲಿ ಇದ್ದರೂ ಕೂರದೆ ಏದುಸಿರು ಬಿಡುತ್ತ ಹತ್ತುತ್ತಿರುತ್ತಾರೆ. ಗಟ್ಟಿಮುಟ್ಟಾದ ಗಂಡಸರು ಎರಡೂ ಕೈಯಲ್ಲಿ ಒಂದೊಂದು ಕೋಲು ಹಿಡಿದಿರುತ್ತಾರೆ. ನಾನು ಕೋಲು ಹಿಡಿದರೆ ಮುದುಕಿ. ಅವರು ಹಿಡಿದರೆ ಟ್ರೆಕ್ಕಿಂಗ್.

ಇಂಥ ಗುಡ್ಡಕ್ಕೆ ನನ್ನನ್ನು ಎಳೆದವಳು ಮೊಮ್ಮಗಳು ಶ್ವೇತಾ. ಅವಳ ತಾಯಿ, ಎಂದರೆ ನನ್ನ ಮಗಳು, ಬೇಗ ಹೋಗಿಬಿಟ್ಟಳು. ಭಾಂಡುಪಿನ ನಮ್ಮ ಎರಡು ಖೋಲಿಯ ಮನೆಯಲ್ಲಿ ಶ್ವೇತಾಳನ್ನು ಬೆಳೆಸಿದವಳು ನಾನು. ಅವಳನ್ನು ಕೇಳಿದರೆ ನನ್ನನ್ನೂ ಅವಳೇ ಬೆಳೆಸಿದ್ದು ಅನ್ನುತ್ತಾಳೆ. ಮೊಬೈಲಿನಲ್ಲಿ ಫೋಟೋ ದೊಡ್ಡದು ಮಾಡಿ ನೋಡಲು ಕಲಿಸಿದ್ದಕ್ಕೆ ಇಷ್ಟು ಜಂಬ. ಮದುವೆಯ ಮಾತು ಬಂದಾಗಲೆಲ್ಲ ಅವಳದು ಒಂದೇ ಹಟ: "ನಾ ಎಲ್ಲಿಗಿ ಹೋದ್ರೂ ಅಜ್ಜಿ ನನ್ ಕೂಡ ಬರತಾಳ." ಇದನ್ನು ಕೇಳಿದ ಗಂಡಿನ ಕಡೆಯವರು ಚಹಾ ಮುಗಿಸಿ ಚಪ್ಪಲಿ ಹುಡುಕುತ್ತಿದ್ದರು. ತಪ್ಪು ಅವರದಲ್ಲ. ಹಸುವಿನ ಜೊತೆ ಕರು ಬಂದರೆ ಯಾರಿಗಾದರೂ ಖುಷಿಯೇ. ಹಸುವಿನ ಜೊತೆ ಅದರ ಅಜ್ಜಿಯೂ ಬರುತ್ತದೆ ಎಂದರೆ ಕೊಳ್ಳಲು ಬಂದವರು ಕೊಟ್ಟಿಗೆ ಅಳೆಯಲು ಶುರು ಮಾಡುತ್ತಾರೆ. ಅದರ ಮೇಲೆ ನನ್ನ ಬಾಯಿ. ಹಿಂದೆ ಬಂದ ಒಬ್ಬ ಹುಡುಗನಿಗೆ, "ಇಷ್ಟ ಸಣ್ಣ ದನಿಯಾಗ ಮಾತಾಡ್ತೀಯಲ್ಲೋ ತಮ್ಮಾ, ಬಾಜಾರದಾಗ ಬದನಿಕಾಯಿ ಹೆಂಗ ತರತಿ?" ಎಂದು ಕೇಳಿದ್ದೆ. ಅವನು ಬದನೆಕಾಯಿ ತರಲು ಹೋದವನಂತೆ ಹೋದವನು ಮತ್ತೆ ಬರಲಿಲ್ಲ.

ಈ ಸಲದ ಹುಡುಗ ಮಾಟುಂಗದ ಪ್ರಶಾಂತ. ಮೂಲ ಧಾರವಾಡದವರು. ಅವನು ಶ್ವೇತಾಳ ಮನಸ್ಸಿಗೆ ಬಂದಿದ್ದಾನೆ ಎನ್ನುವುದು ಅವಳು ಮೊಬೈಲ್ ನೋಡಿ ಒಬ್ಬಳೇ ನಗುವಾಗಲೇ ನನಗೆ ಗೊತ್ತಾಗಿತ್ತು. "ಮನ್ಯಾಗ ಕುಂತು ಉಪ್ಪಿಟ್ಟ ತಿನ್ನೂದು ಬ್ಯಾಡ ಅಜ್ಜಿ. ಅವರ ಮಮ್ಮಿ ಬರತಾರ, ನೀ ಬಾ. ಗುಡ್ಡ ಹತ್ತೂಣು, ಮ್ಯಾಲಿಂದ ನದಿ ಕಾಣತೈತಿ" ಎಂದಳು. ಆಮೇಲೆ ನನ್ನ ಗಲ್ಲ ಹಿಡಿದು, "ಅದೊಂದ ದಿನ ಬಾಯಿ ಮುಚ್ಚಿಕೊಂಡಿರ ಯವ್ವಾ" ಎಂದಳು. ನನ್ನ ನಾಲಿಗೆಯಿಂದ ಅವಳ ಲಗ್ನ ತಪ್ಪುವುದು ನನಗೂ ಬೇಡವಾಗಿತ್ತು. 'ಹೌದ್ರಿ' ಮತ್ತು 'ಛಲೋ ಐತ್ರಿ', ಇವೆರಡು ಬಿಟ್ಟು ಬೇರೆ ಮಾತು ಆಡುವುದಿಲ್ಲ ಎಂದು ದೇವರ ಮುಂದೆ ಆಣೆ ಮಾಡಿದೆ.

ಬಾಯಿ ಕಟ್ಟಿದೆನೇ ಹೊರತು ಬುತ್ತಿ ಕಟ್ಟುವುದನ್ನು ಬಿಡಲಿಲ್ಲ. ಹೊಳೆ ನೋಡಲು ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಉಳ್ಳಾಗಡ್ಡಿ. ಗೇಟಿನ ಹತ್ತಿರ ಪ್ರಶಾಂತ ಗಂಟು ಎತ್ತಿಕೊಂಡು, ಅದರ ಭಾರಕ್ಕೆ ವಾಲಿ, "ಅಜ್ಜಿ, ಇದ್ರಾಗ ಪತ್ಥರ್ ಅದಾವ ಕ್ಯಾ?" ಎಂದ. 'ಛಲೋ ಐತ್ರಿ' ಎಂದೆ. ಅವನ ತಾಯಿ ಇಸ್ತ್ರಿ ಮಾಡಿದ ಸೀರೆ, ಕೆಳಗೆ ಬಿಳಿ ಬೂಟು. ಹಲ್ಲು ಕಾಣದ ಹಾಗೆ ನಗುವ ಹೆಂಗಸು. ಮಾತೇ ಇಲ್ಲ. ಇಂಥವರೆಂದರೆ ನನಗೆ ಹೆದರಿಕೆ. ಒಳಗೆ ಎಷ್ಟು ಲೆಕ್ಕ ಹಾಕುತ್ತಾರೋ ಯಾರಿಗೆ ಗೊತ್ತು.

ನಮ್ಮಪ್ಪ ಎತ್ತನ್ನು ಸಂತೆಯ ಸಪಾಟು ನೆಲದಲ್ಲಿ ನೋಡಿ ಕೊಂಡವನಲ್ಲ. ಏರಿಗೆ ಹೊಡೆದು ನೋಡಿಯೇ ಕೊಳ್ಳುತ್ತಿದ್ದ. ನಾನೂ ಹುಡುಗನನ್ನು ಏರಿನಲ್ಲೇ ನೋಡುತ್ತ ಹತ್ತಿದೆ. ಕೈ ಹಿಡಿಯಲು ಬಂದಿದ್ದರೆ, ನನಗೇನು ಕಾಲಿಲ್ಲವೇ ಎಂದು ಸಿಟ್ಟಾಗುತ್ತಿದ್ದೆ. ಬಿಟ್ಟು ಮುಂದೆ ಹೋಗಿದ್ದರೆ ಅದಕ್ಕೂ ಸಿಟ್ಟಾಗುತ್ತಿದ್ದೆ. ಅವನು ಎರಡೂ ಮಾಡಲಿಲ್ಲ. ಬೇಕಾದರೆ ಹಿಡಿಯಲಿ ಅನ್ನುವಂತೆ ಮೊಣಕೈಯನ್ನು ನನ್ನ ಹತ್ತಿರ ಇಟ್ಟುಕೊಂಡು, ಶ್ವೇತಾಳ ಜೊತೆ ಮಾತಾಡುತ್ತ ನಡೆದ. ಬೈಯಲು ಏನೂ ಸಿಗದೆ ನನಗೆ ಇನ್ನಷ್ಟು ದಣಿವಾಯಿತು.

ಮೇಲೆ ಮುಟ್ಟಿದೆವು. "ಅಜ್ಜಿ, ವ್ಯೂ ನೋಡ್ರಿ!" ಎಂದ ಪ್ರಶಾಂತ. ನೋಡಿದೆ. ಗಿಡಮರ, ಅದರಾಚೆ ಬಿಲ್ಡಿಂಗು, ಅದರಾಚೆ ಬಿಲ್ಡಿಂಗು. ಬಿಲ್ಡಿಂಗ್ ನೋಡಲು ಇಷ್ಟು ಎತ್ತರ ಯಾಕೆ ಬರಬೇಕು, ನಮ್ಮ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವಾಗಲೇ ಕಾಣುತ್ತವೆ ಎಂಬ ಮಾತು ಗಂಟಲವರೆಗೆ ಬಂತು. ನುಂಗಿ, "ಛಲೋ ಐತ್ರಿ" ಎಂದೆ. ಶ್ವೇತಾ ನನ್ನತ್ತ ನೋಡಿ ಮೆಲ್ಲನೆ ನಕ್ಕಳು. ಅಷ್ಟಕ್ಕೇ ನಿಲ್ಲಬಾರದಿತ್ತೇ? "ಔರ್ ವೋ ದೇಖೋ, ನದಿ!" ಎಂದು ಹುಡುಗ ಕೆಳಗೆ ಬೆರಳು ತೋರಿಸಿದ. ಕಲ್ಲುಗಳ ನಡುವೆ ಬಿಳಿ ದಾರದಂತೆ ಏನೋ ಬಿದ್ದಿತ್ತು. "ಹ್ಯಾಂಗ ಅದ ಅಜ್ಜಿ?"

ಬಾಯಿ ತಾನಾಗಿ ತೆರೆಯಿತು. "ಇದಕ್ಕ ನದಿ ಅಂತಾರೇನೋ? ನಮ್ಮೂರಾಗ ಎಮ್ಮಿ ಉಚ್ಚಿ ಹೊಯ್ದರ ಇದಕ್ಕಿಂತ ಜಾಸ್ತಿ ಹರೀತೈತಿ!"

ಶ್ವೇತಾ ಕಣ್ಣು ಮುಚ್ಚಿಕೊಂಡಳು. ಹುಡುಗ ತಾಯಿಯನ್ನು ನೋಡಿದ. ತಾಯಿ ನದಿಯನ್ನು ನೋಡಿದರು. ಮುಗಿಯಿತು, ಇವರೂ ಚಪ್ಪಲಿ ಹುಡುಕುವವರೇ ಎಂದುಕೊಂಡೆ. ಕೆಟ್ಟದ್ದನ್ನು ಊಟದಿಂದಲಾದರೂ ಸರಿಮಾಡೋಣ ಎಂದು ಗಡಿಬಿಡಿಯಲ್ಲಿ ಬುತ್ತಿ ಬಿಚ್ಚಿದೆ. ನಮ್ಮ ಕಡೆ ಎಳ್ಳಮವಾಸ್ಯೆಗೆ ಹೊಲದಲ್ಲಿ ಉಣ್ಣುವ ಮೊದಲು ಭೂಮಿತಾಯಿಗೆ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತೇವೆ. ಬಯಲಲ್ಲಿ ಬುತ್ತಿ ಬಿಚ್ಚಿದರೆ ಹಬ್ಬ ಇರಲಿ ಬಿಡಲಿ ನನ್ನ ಕೈ ತಾನೇ ಹಾಗೆ ಮಾಡುತ್ತದೆ. ರೊಟ್ಟಿ ಮುರಿದು ನಾಲ್ಕೂ ಕಡೆ ಚೆಲ್ಲಿದೆ. ಮಂಗಗಳಿಗೆ ತಿನ್ನಲು ಏನೂ ಹಾಕಬಾರದೆಂದು ಬೋರ್ಡ್ ಇತ್ತಂತೆ. ನನಗೆ ಓದಲು ಬರುವುದು ಕನ್ನಡ ಮಾತ್ರ, ಅದೂ ಅಕ್ಷರ ದಪ್ಪವಿದ್ದರೆ.

ಭೂಮಿತಾಯಿಗಿಂತ ಮೊದಲು ಮಂಗಗಳು ಬಂದವು. ಒಂದು ಮಂಗ ರೊಟ್ಟಿಯ ಕಟ್ಟನ್ನೇ ಒಯ್ದಿತು. ದೊಡ್ಡ ಗಡವ ಮಂಗವೊಂದು ಹುಡುಗನ ತಾಯಿಯ ಪರ್ಸ್ ಕಿತ್ತುಕೊಂಡು ಬಂಡೆ ಏರಿತು. ಎತ್ತಿನ ಪರೀಕ್ಷೆಯಲ್ಲಿ ಪಾಸಾಗಿದ್ದ ಪ್ರಶಾಂತ ಶ್ವೇತಾಳ ಬೆನ್ನ ಹಿಂದೆ ನಿಂತಿದ್ದ. ಬೆಳಗಿನಿಂದ ನುಂಗಿದ ಮಾತೆಲ್ಲ ಒಮ್ಮೆಲೇ ಹೊರಗೆ ಬಂತು. "ಇಡೋ ಕೆಳಗ, ನಿನ್ನ ಮಾರಿಗಿ ಮಣ್ಣ ಹಾಕ! ನಿಮ್ಮಪ್ಪನ ಗಳಿಕಿ ಅಂತ ತಿಳದಿಯೇನ ಅದನ್ನ? ಇಳೀತಿಯೋ, ನಾ ಮ್ಯಾಲ ಬರಲೋ?" ಇನ್ನೂ ಹೇಳಿದೆ, ಅದನ್ನೆಲ್ಲ ಇಲ್ಲಿ ಬರೆಯುವುದು ಬೇಡ. ಆ ಮಂಗಕ್ಕೆ ಮರಾಠಿ ಬಿಟ್ಟು ಬೇರೆ ಗೊತ್ತಿರಲಿಕ್ಕಿಲ್ಲ. ಆದರೂ ಪರ್ಸ್ ಕೆಳಗೆ ಒಗೆದು ಓಡಿತು.

ತಿರುಗಿ ನೋಡಿದರೆ ಹುಡುಗನ ತಾಯಿ ಇಸ್ತ್ರಿ ಸೀರೆಯಲ್ಲೇ ನೆಲಕ್ಕೆ ಕೂತಿದ್ದಾರೆ, ಕಣ್ಣಲ್ಲಿ ನೀರು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು, ದವಡೆಯ ಹಲ್ಲೂ ಕಾಣುವಂತೆ. "ಅಮ್ಮಾರ, ನಮ್ಮವ್ವ ಸತ್ತ ಮ್ಯಾಲೆ ಇಂಥಾ ಬೈಗುಳ ಕೇಳಿದ್ದಿಲ್ಲ ನೋಡ್ರಿ" ಎಂದರು. "ನಮ್ಮ ಮನ್ಯಾಗ ಎಲ್ಲಾರೂ ಬರೇ ಸಾರಿ, ಥ್ಯಾಂಕ್ಯೂ. ನನಗ ಸಾಕಾಗ್ಯದ. ಶ್ವೇತಾನ್ನ ಕಳಸ್ರಿ, ಆದರ ನೀವಿಲ್ಲದ ಒಬ್ಬಾಕೀನ ಕಳಸಬ್ಯಾಡ್ರಿ." ಉಳಿದ ಉಳ್ಳಾಗಡ್ಡಿಯನ್ನು ಬಂಡೆಯ ಮೇಲಿಟ್ಟು ಗುದ್ದಿ ಒಡೆದು ಬಾಯಿಗೆ ಹಾಕಿಕೊಂಡರು. ಮಂಗ ಮುಟ್ಟದೆ ಬಿಟ್ಟಿದ್ದ ಪುಂಡಿಪಲ್ಯವನ್ನು ಬರಿ ಬೆರಳಲ್ಲೇ ತಿಂದು ಮುಗಿಸಿದರು.

ಲಗ್ನ ನಿಶ್ಚಯವಾಯಿತು. ಆದರೆ ಅವರದು ರವಿವಾರಕ್ಕೊಂದು ಗುಡ್ಡ ಹತ್ತುವ ಮನೆತನ ಎನ್ನುವುದನ್ನು ನನಗೆ ಯಾರೂ ಮೊದಲು ಹೇಳಿರಲಿಲ್ಲ. ಮೊಮ್ಮಗಳಿಗೆ ಗಂಡ ಸಿಕ್ಕ, ನನಗೆ ಗುಡ್ಡ ಸಿಕ್ಕಿತು. ಹೋದ ರವಿವಾರ ಊರಾಚೆ ಇನ್ನೊಂದಕ್ಕೆ ಕರೆದೊಯ್ದರು. ಮಳೆ ಬಂದು ನಿಂತಿತ್ತು. ಕೆಳಗೆ ಹೊಳೆ ದಂಡೆ ತುಂಬಿ ತಿರುವಿನಲ್ಲಿ ಹೊಳೆಯುತ್ತಿತ್ತು. ಗಾಳಿಗೆ ಮೈ ಹಗುರಾಗಿ, ಮೊಣಕಾಲು ನೋವನ್ನೂ ಮರೆತು ನೋಡುತ್ತ ನಿಂತೆ. ತಿರುಗಿದರೆ ಮೂವರೂ ನನ್ನ ಬಾಯನ್ನೇ ನೋಡುತ್ತಿದ್ದಾರೆ. ಬೀಗಿತ್ತಿಯಂತೂ ನಗಲು ತಯಾರಾಗಿ ಸೆರಗನ್ನು ಬಾಯಿಗೆ ಹಿಡಿದಾಗಿದೆ. "ಹೇಳ್ರಿ ಅಮ್ಮಾರ, ಹ್ಯಾಂಗದ ಇದು?" ಅಂಥ ಚೆಂದದ ಹೊಳೆಯನ್ನು ನಾನು ಈ ಕಡೆ ಎಲ್ಲೂ ಕಂಡಿರಲಿಲ್ಲ. ಆದರೆ ಲಗ್ನ ಇನ್ನೂ ಆಗಬೇಕಿದೆ. ಏನು ಮಾಡಲಿ, ಬೈದೆ.