ಆಡದ ವಾಲ್ವು

ಹೆಂಡತಿಯ ಎದುರು ಜಾಣನೆನಿಸಿಕೊಳ್ಳುವ ಚಪಲ ಗಂಡಸರಿಗೆ ಯಾವ ವಯಸ್ಸಿಗೆ ಬಿಡುತ್ತದೋ ತಿಳಿಯದು. ನನಗಂತೂ ಇನ್ನೂ ಬಿಟ್ಟಿಲ್ಲ. ನಾನು ಗುಂಡ್ಲುಪೇಟೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ ನನ್ನ ಹೆಂಡತಿ ಗೌರಮ್ಮನ ಶ್ರುತಿಪೆಟ್ಟಿಗೆಯ ತಿದಿಯನ್ನು ಇಲಿ ಕಡಿದುಹಾಕಿತು. ತವರಿನಿಂದ ತಂದ ಪೆಟ್ಟಿಗೆ. ಅಂದಿನಿಂದ ಅವಳು ಹಾಡುವುದನ್ನೇ ಬಿಟ್ಟಳು. ಒಗ್ಗರಣೆ ಹಾಕುವಾಗಲೂ ಗುನುಗುತ್ತಿದ್ದವಳು. ಈಗ ಸಾಸಿವೆ ಸಿಡಿಯುವುದಷ್ಟೇ ಕೇಳುತ್ತಿತ್ತು. ಮನೆ ಬಿಕೋ ಎನ್ನುತ್ತಿತ್ತು, ನನಗೆ ಊಟ ಸೇರುತ್ತಿರಲಿಲ್ಲ. ಬೇರೆ ಯಾರೇ ಆಗಿದ್ದರೂ ಹೊಸ ತಿದಿ ಹಾಕಿಸಿ ಸುಮ್ಮನಾಗುತ್ತಿದ್ದರು. ನಾನು ವಿಜ್ಞಾನದ ಮೇಷ್ಟ್ರಲ್ಲವೇ? ರೇಡಿಯೋ ವಾಲ್ವು ಹಾಕಿ, ಕರೆಂಟಿನಿಂದ ಶ್ರುತಿ ಹೊರಡಿಸುವ ಪೆಟ್ಟಿಗೆಯನ್ನೇ ಕಟ್ಟಲು ಹೊರಟೆ.

ಹಳೇ ರೇಡಿಯೋದಿಂದ ಕಿತ್ತ ವಾಲ್ವು ಹಾಕಿದೆ. ಪೆಟ್ಟಿಗೆ ‘ಸಾ’ ಎಂದಿತು, ಆದರೆ ಒಂದು ಕಡೆ ನಿಲ್ಲಲಿಲ್ಲ. ಏರಿತು, ಇಳಿಯಿತು, ಮತ್ತೆ ಏರಿತು. ಗೌರಮ್ಮ ತೆರಕಣಾಂಬಿಯವಳು, ಅವಳ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. “ಉಯ್ಯಾಲೆ ಆಡೋ ಸಾ ಜತೆ ನಾನು ಎಂಗೆ ಆಡ್ಲಿ?” ಎಂದಳು. ಮೊದಲನೆಯ ‘ಆಡು’ ತೂಗಾಡುವುದು, ಎರಡನೆಯದು ಹಾಡುವುದು. ಇಷ್ಟು ವ್ಯಾಕರಣ ಮನೆಯೊಳಗೆ ನನಗೆ ಚೆನ್ನಾಗಿಯೇ ಬರುತ್ತಿತ್ತು.

ಭಾನುವಾರ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ. ರೇಡಿಯೋ ರಿಪೇರಿ ಮಾಡುವ ಸಿದ್ದಪ್ಪನವರಿಗೆ, “ಒಂಚೂರೂ ಆಡದ ವಾಲ್ವು ಕೊಡಿ” ಎಂದೆ. ಅವರು ನನ್ನನ್ನೇ ನೋಡಿದರು. ಹತ್ತಿಯಲ್ಲಿ ಸುತ್ತಿಟ್ಟಿದ್ದೊಂದನ್ನು ತೆಗೆದು, “ಇದು ಬೋ ಚೆಂದಾಗಿ ಆಡ್ತದೆ ಕಣೀ ಮೇಷ್ಟ್ರೇ” ಎಂದರು.

“ಅಯ್ಯಯ್ಯೋ, ಆಡುವುದು ಬೇಡವೇ ಬೇಡ.”

ಅವರು ಮೂಲೆಯ ಡಬ್ಬ ತಡಕಿ ಇನ್ನೊಂದು ತೆಗೆದರು. “ಅಂಗಾರೆ ಇದ ತಕ್ಕಳಿ. ಇದು ಏನ್ ಮಾಡಿದ್ರೂವೆ ಆಡಕಿಲ್ಲ. ಮಕ್ಕಳಿಗೆ ತೋರ್ಸಕೆ ತಾನೆ?”

ನಾನು ಹಿಗ್ಗಿಹೋದೆ. ಕರವಸ್ತ್ರದಲ್ಲಿ ಸುತ್ತಿ, ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದೆ.

ಸಿಕ್ಕಿಸಿ ಸ್ವಿಚ್ಚು ಒತ್ತಿದೆ. ಶ್ರುತಿ ಆಡಲಿಲ್ಲ, ನಿಜ. ಶ್ರುತಿಯೇ ಇರಲಿಲ್ಲ. “ಅಂಗಡೀಲಿ ಏನಂತ ಕೇಳುದ್ರಿ?” ಎಂದಳು ಗೌರಮ್ಮ. ನಡೆದ ಮಾತನ್ನು ಚಾಚೂ ತಪ್ಪದೆ ಒಪ್ಪಿಸಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಅಯ್ಯೋ, ಅವರು ಆಡಕಿಲ್ಲ ಅಂದದ್ದು, ಆಡಕಿಲ್ಲ ಅಂತ ಕಣೀ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಿದ್ದಪ್ಪನವರ ಬಾಯಲ್ಲೂ ಹಕಾರ ನಿಲ್ಲುವುದಿಲ್ಲವೆಂದು ನನಗೆ ಆಗ ಹೊಳೆಯಿತು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ನಕ್ಕು ಸುಸ್ತಾದ ಮೇಲೆ, “ವಾಲ್ವು ಅತ್ಲಾಗೆ ಬುಡಿ. ನೀವೇ ಒಂದು ಸಾ ಇಡ್ಕಳಿ” ಎಂದಳು.

ಕಣ್ಣು ಮುಚ್ಚಿ ಸಾ ಹಿಡಿದೆ. ಅವಳು ಮೆಲ್ಲಗೆ ಹಾಡತೊಡಗಿದಳು. ಆ ದನಿ ಮನೆಗೆ ಮರಳಿದ ಸಂತೋಷಕ್ಕೆ ನಾನು ತಲೆದೂಗತೊಡಗಿದೆ, ಆದರೂ ಸಾ ಬಿಡಲಿಲ್ಲ. ಹಾಡು ಮುಗಿದ ಮೇಲೆ, ಹಾಳು ಚಪಲ, “ಹೇಗಿತ್ತು ನನ್ನ ಸಾ?” ಎಂದು ಕೇಳಿಯೇಬಿಟ್ಟೆ.

“ಬೋ ಚೆಂದಾಗಿ ಆಡ್ತದೆ ಕಣೀ” ಎಂದಳು.

ಯಾವ ‘ಆಡು’ ಎಂದು ನಾನು ಇಂದಿಗೂ ಕೇಳಿಲ್ಲ.