ಮಾಕ್ ಟೆಸ್ಟಿನ ಭಾನುವಾರಗಳು

ಮಾಕ್ ಟೆಸ್ಟ್ ಅಂದರೆ ನಿಜವಾದ ಪರೀಕ್ಷೆಯ ತಾಲೀಮು. ತಪ್ಪುಗಳೆಲ್ಲ ಇಲ್ಲೇ ಆಗಿ ಮುಗಿಯಲಿ, ಅಲ್ಲಿ ಆಗದಿರಲಿ ಎಂಬುದು ಅದರ ಉದ್ದೇಶ. ಆ ಲೆಕ್ಕದಲ್ಲಿ ನೋಡಿದರೆ ನಮ್ಮ ಕಾಲೇಜಿನಷ್ಟು ಯಶಸ್ವಿಯಾಗಿ ಮಾಕ್ ಟೆಸ್ಟ್ ನಡೆಸಿದವರು ಈ ಕರಾವಳಿಯಲ್ಲಿ ಇನ್ನೊಬ್ಬರಿಲ್ಲ. ಪ್ರತಿ ಭಾನುವಾರ ಏನಾದರೊಂದು ಆಗದೆ ಬಿಟ್ಟದ್ದೇ ಇಲ್ಲ.

ನಾನು ಕುಂದಾಪುರಕ್ಕೂ ಬ್ರಹ್ಮಾವರಕ್ಕೂ ನಡುವೆ, ಹೆದ್ದಾರಿ ಬದಿಯ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ನೀಟ್ ಬರೆಯುವ ಮಕ್ಕಳಿಗೆ ಭಾನುವಾರದ ಟೆಸ್ಟ್ ನಡೆಸುವ ಕೆಲಸ ನನ್ನ ಕೊರಳಿಗೆ ಬಿದ್ದು ಕೆಲವು ವರ್ಷಗಳಾದವು.

ಸೊನ್ನೆಗಿಂತ ಕೆಳಗೆ

ಕಿರಿಮಂಜೇಶ್ವರ ಕಡೆಯಿಂದ ಬರುತ್ತಿದ್ದ ಒಬ್ಬಳು ಹುಡುಗಿಗೆ ಮೊದಲ ಟೆಸ್ಟಿನಲ್ಲಿ ಮೈನಸ್ ಹನ್ನೆರಡು ಬಂತು. ಮೂರು ಸರಿ, ಇಪ್ಪತ್ತನಾಲ್ಕು ತಪ್ಪು. ಸರಿಗೆ ನಾಲ್ಕು ಮಾರ್ಕು ಕೊಡುತ್ತಾರೆ, ತಪ್ಪಿಗೆ ಒಂದು ಕಿತ್ತುಕೊಳ್ಳುತ್ತಾರೆ. ಮರುದಿನ ಅವಳ ಅಪ್ಪ ಬಂದರು. ಗದ್ದೆಯಲ್ಲಿ ಕಲ್ಲಂಗಡಿ ಬೆಳೆಸುವವರು. ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ.

"ಸಾರ್, ಸೊನ್ನೆ ನಂಗೊತ್ತಿತ್ತ್. ನಾನೂ ತೆಗ್ದವ್ನೇ. ಇದೆಂತ ಸಾರ್, ಸೊನ್ನೆಗಿಂತ ಕೆಳ್ಗೆ?"

ನಾನು ನೆಗೆಟಿವ್ ಮಾರ್ಕಿನ ನಿಯಮ ವಿವರಿಸಿದೆ. ಅವರು ಪೂರ್ತಿ ಕೇಳಿ, ತುಸು ಯೋಚಿಸಿ ಹೇಳಿದರು:

"ಹಂಗಾರೆ ಮನೆಯಂಗೇ ಮನಿಕಂಡಿದ್ರೆ ಸೊನ್ನೆ ಆದ್ರೂ ಸಿಕ್ತಿತ್ತ್ ಅಲ್ದಾ? ಬೆಳಿಗ್ಗೆ ಆರ್ ಗಂಟಿಗೆ ಎದ್ ಬಂದ್ ಹನ್ನೆರಡ್ ಕಳ್ಕಂಡ್ಳಲೆ!"

ಗೊತ್ತಿದ್ದದ್ದನ್ನು ಮಾತ್ರ ಬರಿ, ಗೊತ್ತಿಲ್ಲದ್ದನ್ನು ಮುಟ್ಟಬೇಡ ಎಂದು ಹುಡುಗಿಗೆ ಹೇಳಿಕೊಟ್ಟೆ. ಮುಂದಿನ ಟೆಸ್ಟಿನಲ್ಲಿ ಇಪ್ಪತ್ತೆಂಟು ಬಂತು. ಅಪ್ಪ ಎರಡು ಕೈಯಲ್ಲಿ ಎರಡು ಕಲ್ಲಂಗಡಿ ಹಿಡಿದು ಸ್ಟಾಫ್‌ರೂಮಿನ ಬಾಗಿಲಲ್ಲಿ ಪ್ರತ್ಯಕ್ಷರಾದರು. ನೂರ ಅರವತ್ತು ತೆಗೆದು ಪ್ರಥಮ ಬಂದ ಹುಡುಗ ಅಲ್ಲೇ ನಿಂತಿದ್ದ.

"ಈ ಮಾಣಿಗೆ ಹೋದ್ಸಲಕ್ಕಿಂತ ಎಷ್ಟ್ ಜಾಸ್ತಿ ಬಂತ್ ಸಾರ್?"

"ಎರಡು."

"ನಮ್ ಹೆಣ್ಣಿಗೆ ನಲ್ವತ್ತ್. ಫಸ್ಟ್ ಯಾರ್, ನೀವೇ ಹೇಳಿ!"

ಅಜ್ಜಿಯ ಕಾವಲು

ಒಮ್ಮೆ ಜೋರು ಮಳೆಯೆಂದು ವಾರವಿಡೀ ರಜೆ ಬಂತು. ಪ್ರಶ್ನೆಪತ್ರಿಕೆಯನ್ನು ಮೊದಲೇ ಮನೆಗೆ ಕೊಟ್ಟು ಕಳಿಸಿದ್ದೆವು. ಭಾನುವಾರ ಮನೆಯಲ್ಲೇ ಕೂತು, ಮೂರು ಗಂಟೆ ಏಳದೆ ಬರೆಯಬೇಕು ಎಂದು ತಾಕೀತು. ಟೆಸ್ಟ್ ಶುರುವಾದ ಮೇಲೆ ನನಗೆ ಕಂಡಿತು, ಹದಿನೇಳನೇ ಪ್ರಶ್ನೆಯಲ್ಲಿ ಅಚ್ಚಿನ ತಪ್ಪು. ಎಲ್ಲರಿಗೂ ಮೊಬೈಲಿನಲ್ಲಿ ಸಂದೇಶ ಕಳಿಸಿದೆ. ಎಲ್ಲರೂ ನೋಡಿದರು, ಬ್ರಹ್ಮಾವರದ ಒಬ್ಬ ಹುಡುಗ ಮಾತ್ರ ನೋಡಲಿಲ್ಲ. ಫೋನ್ ಮಾಡಿದೆ. ಅವನ ಅಜ್ಜಿ ಎತ್ತಿದರು.

"ಮಗು ಪರೀಕ್ಷಿ ಬರಿತಾ ಇತ್ತ್. ಮಾತಾಡುಕಾತಿಲ್ಲೆ."

"ಒಂದೇ ನಿಮಿಷ ಅಮ್ಮಾ, ಒಂದು ಪ್ರಶ್ನೆ ತಪ್ಪಾಗಿದೆ, ಅದನ್ನು ಹೇಳಬೇಕಿತ್ತು."

"ಪರೀಕ್ಷಿ ನಡು ಹೊರಗಿನವ್ರ್ ಹೇಳಿಕೊಡುಕಿತ್ತಾ?"

"ಅಮ್ಮಾ, ಹೊರಗಿನವನಲ್ಲ. ನಾನೇ ಮೇಷ್ಟ್ರು!"

"ಹ್ವಾಯ್, ಹಂಗ್ ಹೇಳಿಯೇ ಎಲ್ಲರೂ ಕಾಪಿ ಹೊಡ್ಸೂದ್!" ಎಂದು ಫೋನ್ ಇಟ್ಟರು.

ಆಮೇಲೆ ಹುಡುಗ ಹೇಳಿದ: ಅಜ್ಜಿ ಬಾಗಿಲಿಗೆ ಅಡ್ಡ ಮಣೆ ಹಾಕಿಕೊಂಡು ಹರಿವೆ ಸೊಪ್ಪು ಸೋಸುತ್ತಾ ಕೂತಿದ್ದರಂತೆ. ನಡುವೆ ಬಂದ ಅವನ ಮಾವನನ್ನು ಎರಡು ಗಂಟೆ ಜಗುಲಿಯಲ್ಲೇ ಬಾಯಿ ಮುಚ್ಚಿಸಿ ಕೂರಿಸಿದ್ದರಂತೆ. ಮಾವ ಒಮ್ಮೆ ಕೆಮ್ಮಿದ್ದಕ್ಕೆ, "ಅದೆಂತ, ಉತ್ರ ಹೇಳಿದ್ದಾ?" ಎಂದು ಗದರಿದರಂತೆ.

ಅದೇ ಪೇಪರು

ಇದು ನನ್ನದೇ ಕಳ್ಳತನ. ತಂಗಿಯ ಮದುವೆಯ ಗಡಿಬಿಡಿಯಲ್ಲಿ ಹೊಸ ಪ್ರಶ್ನೆಪತ್ರಿಕೆ ಮಾಡಲು ಪುರುಸೊತ್ತಾಗಲಿಲ್ಲ. ಮೂರನೇ ಟೆಸ್ಟಿನ ಪತ್ರಿಕೆಗೆ 'ಹನ್ನೊಂದನೇ ಟೆಸ್ಟ್' ಎಂದು ತಲೆಬರಹ ಹಾಕಿ ಕೊಟ್ಟುಬಿಟ್ಟೆ. ಯಾರಾದರೂ ಎದ್ದು ನಿಂತು "ಸಾರ್, ಇದು ಹಳೇದು" ಅಂದರೆ?

ಯಾರೂ ಅನ್ನಲಿಲ್ಲ. ಸಮಾಧಾನವಾಯಿತು. ಮಾರ್ಕು ಹಾಕಿದ ಮೇಲೆ ಆ ಸಮಾಧಾನವೂ ಹೋಯಿತು. ಹೆಚ್ಚಿನವರಿಗೆ ಹಿಂದೆ ಬಂದಷ್ಟೇ ಬಂದಿತ್ತು. ನಡುವೆ ಎರಡು ತಿಂಗಳು ನಾನು ಗಂಟಲು ಹರಿದುಕೊಂಡದ್ದು ಎಲ್ಲಿ ಹೋಯಿತೋ! ಕ್ಲಾಸಿನ ಅತ್ಯಂತ ಚುರುಕು ಹುಡುಗಿಗಂತೂ ನೂರೈವತ್ತು ಇದ್ದದ್ದು ತೊಂಬತ್ತಕ್ಕೆ ಇಳಿದಿತ್ತು. ಅವಳನ್ನು ಮೆಲ್ಲ ಪಕ್ಕಕ್ಕೆ ಕರೆದೆ.

"ಇದು ಹಳೇ ಪೇಪರ್ ಅಂತ ನಿಂಗೂ ಗೊತ್ತಾಗಲಿಲ್ವಾ?"

"ಗೊತ್ತಾಯ್ತ್ ಸಾರ್. ಮೊದಲ್ನೇ ಪ್ರಶ್ನೆಗೇ ಗೊತ್ತಾಯ್ತ್."

"ಮತ್ತೆ ಹೀಗ್ಯಾಕೆ?"

"ಸಾರ್ ಅದನ್ನೇ ಇನ್ನೊಂದ್ಸಲ ಕೇಂತ್ರ್ ಅಂದ್ರೆ, ನಾನ್ ಆಗ ಬರ್ದದ್ದ್ ಎಂತದೋ ತಪ್ಪಿತ್ತ್ ಅಂದೇಳಿ... ಸುಮಾರೆಲ್ಲ ಬದ್ಲ್ ಮಾಡ್ದೆ."

ಅಂದಿನಿಂದ ಮನೆಯಲ್ಲಿ ಯಾರದೇ ಮದುವೆಯಿರಲಿ, ನಾನು ಹೊಸ ಪೇಪರೇ ಮಾಡುವುದು.

ಗೇಟ್ ಬಂದ್

ನಿಜವಾದ ಪರೀಕ್ಷೆಗೆ ಎರಡು ವಾರ ಉಳಿದಿತ್ತು. ಕೊನೆಯ ಮಾಕ್ ಟೆಸ್ಟ್ ಅಸಲಿನ ಹಾಗೇ ನಡೆಯಬೇಕು ಎಂದು ನಮ್ಮ ಪ್ರಿನ್ಸಿಪಾಲರ ಹಟ. ಅರ್ಧ ತೋಳಿನ ಅಂಗಿ, ಕಾಲಿಗೆ ಚಪ್ಪಲಿ, ಕೈಯಲ್ಲಿ ವಾಚಿಲ್ಲ. ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಗೇಟ್ ಬಂದ್, "ಆಮೇಲೆ ಯಾರೇ ಬಂದರೂ ಬಿಡಕೂಡದು" ಎಂದು ಸ್ವತಃ ಸಹಿ ಹಾಕಿದ ಸುತ್ತೋಲೆಯನ್ನು ವಾಚ್‌ಮನ್ನಿನ ಕೈಗೆ ಕೊಟ್ಟರು. ವಾಚ್‌ಮನ್ ಮೂವತ್ತು ವರ್ಷ ಮುಂಬೈಯ ಒಂದು ಬಿಲ್ಡಿಂಗ್ ಕಾದು ಬಂದವನು. ಗಡಿಯಾರ ನೋಡಿಯೇ ಉಸಿರಾಡುವ ಮನುಷ್ಯ.

ಮಕ್ಕಳೆಲ್ಲ ಒಳಗೆ ಕೂತರು. ಒಂದೂವರೆಗೆ ಗೇಟ್ ಬಿತ್ತು. ಪ್ರಶ್ನೆಪತ್ರಿಕೆ ತರಲು ಕುಂದಾಪುರದ ಪ್ರೆಸ್ಸಿಗೆ ಹೋಗಿದ್ದ ಪ್ರಿನ್ಸಿಪಾಲರು, ಹೆದ್ದಾರಿಯಲ್ಲಿ ಲಾರಿಯೊಂದರ ಹಿಂದೆ ಸಿಕ್ಕಿಬಿದ್ದು, ಒಂದು ಮೂವತ್ತಮೂರಕ್ಕೆ ಬಂದರು.

"ಗೇಟ್ ತೆಗಿ ಮಾರಾಯ."

"ಟೈಮ್ ಆಯ್ತ್ ಸಾಬ್."

"ನಾನು ಯಾರು ಅಂತ ಗೊತ್ತಿಲ್ವಾ?"

"ಗೊತ್ತಿತ್ತ್. 'ಯಾರೇ ಬಂದರೂ' ಅಂದೇಳಿ ನೀವೇ ಬರ್ದದ್ದ್. ಕಾಣಿ, ನಿಮ್ದೇ ಸಹಿ."

ಪ್ರಿನ್ಸಿಪಾಲರು ಬೈದರು, ಕೈ ಮುಗಿದರು, ಬೆವರು ಒರೆಸಿಕೊಂಡು ಮತ್ತೆ ಬೇಡಿದರು. ಅವನು ಕದಲಲಿಲ್ಲ. ನಾನು ಓಡಿಬಂದು ಮಾತಾಡಿ ರಾಜಿ ಮಾಡಿಸಿದೆ: ಪ್ರಶ್ನೆಪತ್ರಿಕೆಗೆ ಸುತ್ತೋಲೆ ಅನ್ವಯಿಸುವುದಿಲ್ಲ, ಮನುಷ್ಯರಿಗೆ ಮಾತ್ರ. ಕಟ್ಟುಗಳು ಗೇಟಿನ ಮೇಲಿಂದ ಒಳಗೆ ಬಂದವು. ಪ್ರಿನ್ಸಿಪಾಲರು ಹೊರಗೇ ಉಳಿದು, ಪೋಷಕರು ಕೂತಿದ್ದ ಮರದ ನೆರಳಿಗೆ ಹೋಗಿ ಕುಸಿದು ಕೂತರು.

ಶಂಕರನಾರಾಯಣದಿಂದ ಮೊಮ್ಮಗಳ ಜೊತೆ ಮೊದಲ ಸಲ ಬಂದಿದ್ದ ಒಬ್ಬರು ಅಜ್ಜಿ, ಗೇಟಿನ ಬಳಿ ನಡೆದದ್ದನ್ನೆಲ್ಲ ದೂರದಿಂದಲೇ ಕಂಡಿದ್ದರು, ಮಾತು ಕೇಳಿಸಿರಲಿಲ್ಲ. ಅವರಿಗೆ ಕರುಳು ಚುರ್ ಅಂದಿತು. ಚೀಲದಿಂದ ಮಜ್ಜಿಗೆ ಬಾಟಲಿ ತೆಗೆದು, ನಮ್ಮ ಬಕ್ಕ ತಲೆಯ ಪ್ರಿನ್ಸಿಪಾಲರ ಕೈಗಿಟ್ಟು, ಬೆನ್ನು ಸವರಿ ಹೇಳಿದರು:

"ಕುಡೀನಿ. ಬೇಜಾರ್ ಮಾಡ್ಕಣ್ಬೇಡಿ. ಓದುಕೆ ಪ್ರಾಯ ಎಂತಕ್ಕೆ? ಬಪ್ಪ ವರ್ಷ ಸ್ವಲ್ಪ ಬೇಗ ಹೊರಟ್ ಬನ್ನಿ, ಡಾಕ್ಟ್ರೇ ಆತ್ರಿ!"