ಬೇಲಿಯಾಚೆಯ ಮೇವು

ನಲವತ್ತೈದು ದಿನ ಕಾದು ಡ್ರಮ್ಮಿನ ಮುಚ್ಚಳ ತೆಗೆದ ಬೆಳಿಗ್ಗೆಯೇ ಈ ಮನೆಯಲ್ಲಿ ತಮ್ಮ ಸ್ಥಾನವೇನು ಎಂಬುದು ಯಜಮಾನರಿಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಜೋಳದ ಹಸಿ ದಂಟನ್ನು ಸಣ್ಣಗೆ ಕತ್ತರಿಸಿ, ಬೆಲ್ಲದ ನೀರು ಚಿಮುಕಿಸಿ, ಗಾಳಿಯಾಡದ ಹಾಗೆ ತುಳಿದು ತುಳಿದು ತುಂಬಿ ಹದಕ್ಕೆ ತಂದ ರಸಮೇವು ಅದು. (ತುಳಿದದ್ದು ಮನೆಯಾಕೆ. ಯಜಮಾನರು ಪಕ್ಕದಲ್ಲಿ ನಿಂತು ಗಾಳಿಯ ಗುಣದೋಷಗಳನ್ನು ವಿವರಿಸುತ್ತಿದ್ದರು.) ಹುಳಿಹುಳಿಯಾದ ವಾಸನೆ ಕೊಟ್ಟಿಗೆ ತುಂಬಿತು. ಮನೆಯ ಹಸು ಕೆಂಪಿ ಒಮ್ಮೆ ಮೂಸಿ, ಬುಸ್ಸೆಂದು ಉಸಿರು ಬಿಟ್ಟು, ಮುಖ ಅತ್ತ ತಿರುಗಿಸಿತು.

ಇದು ನಗುವ ವಿಷಯವಾಗಿರಲಿಲ್ಲ. ಹಿತ್ತಲಿನ ಹುಲ್ಲಿನ ಬಣವೆ ಮಂಡಿಯೆತ್ತರಕ್ಕೆ ಇಳಿದಿತ್ತು. ಹೊಸ ಹುಲ್ಲು ಬರಲು ಇನ್ನೂ ಎರಡು ತಿಂಗಳು. ಅಲ್ಲಿಯವರೆಗೆ ಕೆಂಪಿ ಈ ಆರು ಡ್ರಮ್ಮುಗಳನ್ನು ನಂಬಿ ಬದುಕಬೇಕು, ಇಲ್ಲವೇ ಎರಡು ವರ್ಷದಿಂದ ಕೇಳುತ್ತಿರುವ ಡೇರಿಯವನ ಕೊಟ್ಟಿಗೆಗೆ ಹೋಗಬೇಕು. ಹುಟ್ಟಿದ ವಾರಕ್ಕೇ ತಾಯಿ ಕಳೆದುಕೊಂಡ ಕೆಂಪಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ದೊಡ್ಡದು ಮಾಡಿದವಳು ಮನೆಯಾಕೆ. ಡೇರಿಯವನ ಮಾತು ಬಂದಾಗಲೆಲ್ಲ ಆಕೆ ಗುಡಿಸಿದ ಕೊಟ್ಟಿಗೆಯನ್ನೇ ಮತ್ತೆ ಗುಡಿಸಲು ಹೋಗುತ್ತಿದ್ದಳು. ಯಜಮಾನರಿಗೂ ಒಳಗೆ ಸಂಕಟವೇ. ಆದರೆ ಸಂಕಟವಾದಾಗ ಭಾಷಣ ಮಾಡುವುದು ಅವರ ಹುಟ್ಟುಗುಣ.

“ಇದ್ರಲ್ಲಿ ಎಷ್ಟು ಪೌಷ್ಟಿಕಾಂಶ ಇದೆ ಗೊತ್ತಾ ನಿಂಗೆ?” ಎಂದು ಕೆಂಪಿಯನ್ನು ಕೇಳಿದರು.

“ಅದು ಓದ್ಕೊಂಡಿಲ್ಲ ರೀ,” ಎಂದಳು ಮನೆಯಾಕೆ. “ಹುಲ್ಲಿನ ಜೊತೆ ಬೆರೆಸಿ ನೋಡಿ.”

“ಬೆರೆಸಿದ್ನಲ್ಲ. ಹುಲ್ಲು ಮಾತ್ರ ಆರಿಸ್ಕೊಂಡು ತಿಂತು.”

“ಉಪ್ಪು ಉದುರಿಸಿ.”

“ಅದನ್ನೂ ಮಾಡಿದೆ. ಉಪ್ಪು ಮಾತ್ರ ನೆಕ್ತು.”

ಮೂರನೆಯ ದಿನ ಯಜಮಾನರು ಸ್ವತಃ ಮೇಲ್ಪಂಕ್ತಿ ಹಾಕಲು ನಿರ್ಧರಿಸಿ, ಒಂದು ಚಿಟಿಕೆ ರಸಮೇವನ್ನು ಕೆಂಪಿಯ ಎದುರೇ ಬಾಯಿಗೆ ಹಾಕಿಕೊಂಡು ಅಗಿದರು. ಕೆಂಪಿ ಬಹಳ ಕನಿಕರದಿಂದ ನೋಡಿತು. ಪಶುವೈದ್ಯರು ಬಂದು, ಆರೋಗ್ಯವೆಲ್ಲ ಸರಿಯಾಗಿದೆ, ಹಟ ಅಷ್ಟೇ ಎಂದು ಹೇಳಿ ಹೋದರು. ನಾಲ್ಕನೆಯ ದಿನ ಹಾಲು ಅರ್ಧಕ್ಕೆ ಇಳಿಯಿತು, ಪಕ್ಕೆಲುಬು ಕಾಣತೊಡಗಿತು.

“ನಾಳೆ ಡೇರಿಯವನಿಗೆ ಬರಕ್ಕೆ ಹೇಳ್ತೀನಿ,” ಎಂದರು ಯಜಮಾನರು. ಈ ಸಲ ಭಾಷಣ ಮಾಡದೆ, ಡ್ರಮ್ಮಿನ ಮುಚ್ಚಳ ಹಾಕಿ ಒಳಗೆ ಹೋದರು.

ಮರುದಿನ ಹೊರಡಲು ಅಂಗಿ ತೊಟ್ಟು ಹಿತ್ತಲಿಗೆ ಬಂದವರು ಕಂಡದ್ದು ಘೋರ ದೃಶ್ಯ. ಮನೆಯಾಕೆ ಬಕೆಟ್ಟು ತುಂಬ ರಸಮೇವು ಹೊತ್ತು ಬೇಲಿ ದಾಟಿ, ಪಕ್ಕದಲ್ಲೇ ಇರುವ ಯಜಮಾನರ ಅಣ್ಣನ ಮನೆಯ ಎಮ್ಮೆಯ ಬಾನಿಗೆ ಸುರಿಯುತ್ತಿದ್ದಾಳೆ. ಅತ್ತಿಗೆ ಕೋಲು ಹಿಡಿದು ಕಾವಲು ನಿಂತಿದ್ದಾರೆ.

“ಏನೇ ಇದು? ನಮ್ಮ ಹಸು ಉಪವಾಸ, ನೀನು ಅಣ್ಣನ ಎಮ್ಮೆಗೆ ಔತಣ ಮಾಡ್ತಿದ್ದೀಯಾ?”

“ಮೆತ್ತಗೆ ಮಾತಾಡಿ. ಅದಕ್ಕೆ ಗೊತ್ತಾಗಬಾರದು.”

“ಎಮ್ಮೆಗಾ?”

“ಕೆಂಪಿಗೆ.”

ಅಷ್ಟರಲ್ಲಿ ಕೆಂಪಿ ಬೇಲಿಯ ಸಂದಿನಿಂದ ಕತ್ತು ತೂರಿಸಿ, ಎಮ್ಮೆಯ ಬಾನಿಯಿಂದ ಒಂದು ಬಾಯಿ ಕಿತ್ತುಕೊಂಡಿತು. ಅತ್ತಿಗೆ ಶಾಸ್ತ್ರಕ್ಕೆಂದು ಕೋಲು ಎತ್ತಿ ಗದರಿದರು. ಕೆಂಪಿ ಇನ್ನೂ ಅವಸರದಿಂದ ತಿಂದಿತು. ಗದರಿದಷ್ಟೂ ತಿಂದಿತು. ಎಮ್ಮೆಗೆ ನಾಲ್ಕು ತುತ್ತೂ ದಕ್ಕದೆ ಬಾನಿ ಬರಿದಾಯಿತು. ಯಜಮಾನರ ಕಣ್ಣಲ್ಲಿ ನೀರು ಬಂತು. ಅವರು ಅದನ್ನು ಮರೆಮಾಚಲೂ ಹೋಗಲಿಲ್ಲ. ಮನೆಯಾಕೆ ಕೆಂಪಿಯ ಹಣೆ ಸವರಿ, ಖಾಲಿ ಬಕೆಟ್ಟು ಹಿಡಿದು ಬೇಲಿ ದಾಟಿ ತನ್ನ ಅಡುಗೆಮನೆಗೆ ನಡೆದಳು.

“ಅತ್ತಿಗೆ, ಡಾಕ್ಟ್ರಿಗೇ ಹೊಳೀದೇ ಇರೋದು ಇವಳಿಗೆ ಹೇಗೆ ಹೊಳೀತು?”

“ಡಾಕ್ಟ್ರಿಗೆ ಅನುಭವ ಇಲ್ಲವಲ್ಲಪ್ಪ. ಅವಳಿಗೆ ಹದಿನಾಲ್ಕು ವರ್ಷದ್ದಿದೆ.”

“ಕೆಂಪಿಗೆ ಆರೇ ವರ್ಷ.”

ಅತ್ತಿಗೆ ಕೋಲನ್ನು ಬೇಲಿಗೆ ಒರಗಿಸಿದರು.

“ಮನೇಲಿ ಅರ್ಧ ತಟ್ಟೆ ಬಿಟ್ಟು ಎದ್ದು ಇಲ್ಲಿಗೆ ಬರ್ತೀಯಲ್ಲ, ಅಡುಗೆ ಅಂದ್ರೆ ಇದು ಅತ್ತಿಗೆ ಅಂತ ಎರಡೆರಡು ಸಲ ಬಡಿಸ್ಕೋತೀಯಲ್ಲ, ಅದು ಯಾರು ಮಾಡಿದ್ದು ಅಂದ್ಕೊಂಡಿದ್ದೀಯಾ? ನೀನು ಬರೋಕೆ ಮುಂಚೆನೇ ಪಾತ್ರೆ ಈ ಬೇಲಿ ದಾಟಿರುತ್ತೆ. ನಾನು ಬಿಸಿ ಮಾಡ್ತೀನಿ, ಅಷ್ಟೇ.”

ಪಕ್ಕದಲ್ಲಿ ಕೆಂಪಿ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಹದಿನಾಲ್ಕು ವರ್ಷ ಒಬ್ಬ ಹೆಂಗಸು ತನ್ನ ಕೈರುಚಿಯ ಹೊಗಳಿಕೆಯನ್ನು ಬೇಲಿಯ ಈಚೆಯಿಂದ ಕೇಳಿಸಿಕೊಂಡು ಸುಮ್ಮನಿದ್ದಳಲ್ಲ ಎಂದು ನೆನೆದು ಯಜಮಾನರಿಗೆ ನಿಜಕ್ಕೂ ನಾಚಿಕೆಯಾಯಿತು.

ಮಧ್ಯಾಹ್ನ ಕೈಕಾಲು ತೊಳೆದು, ಕರೆಯುವ ಮುಂಚೆಯೇ ಊಟಕ್ಕೆ ಬಂದು ಕುಳಿತರು. ಮನೆಯಾಕೆ ತಟ್ಟೆ ಹಿಡಿದು ಬಂದಳು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

“ಇಲ್ಲೇ ಬಡಿಸ್ಲಾ, ಇಲ್ಲ ಆ ಕಡೆಗೆ ಕಳಿಸ್ಲಾ?”

“ಇಲ್ಲೇ,” ಎಂದರು ಯಜಮಾನರು.

ಮೊದಲ ತುತ್ತು ಬಾಯಿಗಿಟ್ಟರು. ಹದಿನಾಲ್ಕು ವರ್ಷ ಬಾಯಿತುಂಬ ಹೊಗಳಿದ ಅದೇ ಅಡುಗೆ, ಅದೇ ಕೈ. ಆದರೂ ರುಚಿ ಯಾಕೋ ಒಂದು ಚೂರು ಕಮ್ಮಿ ಎನ್ನಿಸಿತು. ಅದನ್ನು ಹೇಳದೆ, ತಲೆ ಎತ್ತದೆ, ತಟ್ಟೆ ಖಾಲಿಯಾಗುವವರೆಗೂ ಉಂಡರು.